ಗಂಜಿ ಹಾಕಿದ ದೆವ್ವ

ಕಾನ್ವೆಂಟ್, ಬ್ಯಾಲಿನ್‌ಡರ್ಗ್
ಕೌಂಟಿ ಲೀಟ್ರಿಮ್, ಐರ್ಲೆಂಡ್
9 ಸೆಪ್ಟೆಂಬರ್ 1986

ಪ್ರೀತಿಯ ಡೆಲಿಯಾ ಅಕ್ಕನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ನಾವೆಲ್ಲ ಎಂದರೆ ಈಗ ನಾಲ್ಕೇ ಜನ. ಮದರ್ ಬೆನಿಗ್ನಸ್, ಅಡುಗೆಮನೆ ನೋಡಿಕೊಳ್ಳುವ ಸಿಸ್ಟರ್ ಮಲಾಕಿ, ಎಂಬತ್ತೆಂಟಾದ ಸಿಸ್ಟರ್ ಕೊಲಂಬಾ, ಮತ್ತು ನಾನು. ಆರು ವರ್ಷದ ಹಿಂದೆ ಶಾಲೆ ಮುಚ್ಚಿದ ಮೇಲೆ ಈ ದೊಡ್ಡ ಮನೆಯಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ತಿರುಗುವುದೇ ಅರ್ಧ ದಿನದ ಕೆಲಸ.

ನಿನ್ನ ಹತ್ತಿರ ಒಂದು ವಿಷಯ ಕೇಳಬೇಕು. ನಗಬೇಡ. ಕಳೆದ ಅಕ್ಟೋಬರ್ ಕೊನೆಯ ದಿನ, ಹ್ಯಾಲೊವೀನ್ ಸಂಜೆ ನಾವು ನಾಲ್ವರೂ ಬಾಗಿಲು ತೆರೆದು, ಕುರ್ಚಿ ಹಾಕಿಕೊಂಡು ಕೂತಿದ್ದೆವು. ಒಂದು ಬುಟ್ಟಿ ಸೇಬು, ಒಂದು ಬುಟ್ಟಿ ಕಡಲೆಕಾಯಿ, ಮಲಾಕಿ ಮಾಡಿದ ಒಣದ್ರಾಕ್ಷಿಯ ಬ್ರೆಡ್ಡು. ಊರಿನ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಹಾಡಿ ತಿಂಡಿ ಕೇಳುವುದು ಇಲ್ಲಿಂದಲೇ ಕಾಣುತ್ತಿತ್ತು. ನಮ್ಮ ಗೇಟಿನ ಹತ್ತಿರ ಬಂದ ಕೂಡಲೇ ಬಿದ್ದಂಬೀಳ ಓಡುತ್ತಿದ್ದವು. ಒಂದೇ ಒಂದು ಮಗು ಒಳಗೆ ಬರಲಿಲ್ಲ. ಆ ಕಡಲೆಕಾಯಿಯನ್ನು ನಾವು ಕ್ರಿಸ್‌ಮಸ್‌ವರೆಗೆ ತಿಂದೆವು. ಕೊಲಂಬಾಗೆ ಹಲ್ಲಿಲ್ಲವಾದ್ದರಿಂದ ಅವರ ಪಾಲೂ ನಮಗೇ ಬಂತು.

ಮೊನ್ನೆ ಅಂಚೆ ಕಚೇರಿಯಲ್ಲಿ ಒಬ್ಬಳು ಹುಡುಗಿ ಇನ್ನೊಬ್ಬಳಿಗೆ ಹೇಳುತ್ತಿದ್ದಳಂತೆ: “ಆ ಮನೆ ಹತ್ರ ಹೋಗ್ಬೇಡ ಕಣೇ, ಅಲ್ಲಿ ಮಾಟಗಾತಿಯರಿದ್ದಾರೆ.” ಹಿಂದೆ ನಿಂತಿದ್ದ ಮಲಾಕಿ, “ನಾನು ಅಲ್ಲಿಂದಲೇ ಬಂದಿದ್ದೀನಮ್ಮ” ಎಂದರು. ಹುಡುಗಿ ಅಂಚೆಚೀಟಿಯನ್ನೂ ತೆಗೆದುಕೊಳ್ಳದೆ ಓಡಿದಳಂತೆ.

ಈ ವರ್ಷ ಮಕ್ಕಳು ಬರಬೇಕು ಅಕ್ಕ. ಈ ವರ್ಷವೇ ಯಾಕೆ ಎಂದು ಕೇಳಬೇಡ, ಸುಮ್ಮನೆ ಆಸೆ. ನೀನು ಪ್ರತಿವರ್ಷ ಮನೆಯ ಮುಂದೆ ಏನೇನೋ ಅಲಂಕಾರ ಮಾಡುತ್ತೀಯಲ್ಲ, ಅದನ್ನು ನನಗೆ ಹೇಳಿಕೊಡು. ಮದರ್ ಒಪ್ಪಿಗೆ ಕೊಟ್ಟಿದ್ದಾರೆ. “ದುಡ್ಡು ಖರ್ಚಾಗ್ಬಾರ್ದು, ಸೈತಾನ ಇರ್ಬಾರ್ದು. ಇವೆರಡು ಬಿಟ್ಟು ಏನು ಬೇಕಾದ್ರೂ ಮಾಡ್ಕೊಳ್ಳಿ” ಎಂದಿದ್ದಾರೆ.

ನಿನ್ನ ತಂಗಿ,
ನೋನಿ
(ಇಲ್ಲಿನವರಿಗೆ ಸಿಸ್ಟರ್ ಡಿಂಪ್ನಾ)


ಸ್ಪ್ರಿಂಗ್‌ಫೀಲ್ಡ್, ಮ್ಯಾಸಚೂಸೆಟ್ಸ್
18 ಸೆಪ್ಟೆಂಬರ್ 1986

ನೋನಿ,

ನಾನು ಹಡಗು ಹತ್ತಿ ನಲವತ್ತೇಳು ವರ್ಷವಾಯಿತು. ಇಷ್ಟು ವರ್ಷಕ್ಕೆ ನೀನು ನನ್ನನ್ನು ಕೇಳಿದ ಮೊದಲ ಬುದ್ಧಿವಂತ ಪ್ರಶ್ನೆ ಇದು. ಕೂತು ಗಮನವಿಟ್ಟು ಓದು.

ಮೊದಲು ದೆವ್ವ. ಹಳೆಯ ಬೆಡ್‌ಶೀಟು ಹರಿದು ದಪ್ಪ ಗಂಜಿಯಲ್ಲಿ ಅದ್ದು. ಒಂದು ಬಾಟಲಿಯ ಮೇಲೆ ಚೆಂಡು ಇಟ್ಟು, ಅದರ ಮೇಲೆ ಬಟ್ಟೆ ಹೊದಿಸಿ ಎರಡು ದಿನ ಒಣಗಲು ಬಿಡು. ಆಮೇಲೆ ಬಾಟಲಿ ತೆಗೆದರೆ ದೆವ್ವ ತಾನೇ ನಿಲ್ಲುತ್ತದೆ. ಒಳಗೆ ಏನೂ ಇಲ್ಲದೆ ಸೆಟೆದು ನಿಲ್ಲುವುದು ನೋಡಿದರೆ ನಮ್ಮ ದೊಡ್ಡಪ್ಪನ ನೆನಪಾಗುತ್ತದೆ.

ಎರಡನೆಯದು ಬಾವಲಿ. ಮೊಟ್ಟೆ ಇಡುವ ರಟ್ಟಿನ ಪೆಟ್ಟಿಗೆಯಿಂದ ಮೂರು ಗುಳಿ ಒಟ್ಟಿಗೆ ಕತ್ತರಿಸು. ನಡುವಿನದು ಹೊಟ್ಟೆ, ಅಕ್ಕಪಕ್ಕದವು ರೆಕ್ಕೆ. ಕಪ್ಪು ಬಳಿದು ದಾರದಲ್ಲಿ ತೂಗುಹಾಕು. ಕಸದ ಕಪ್ಪು ಚೀಲವನ್ನು ಮಡಿಸಿ ಕತ್ತರಿಸಿದರೆ ಜೇಡರಬಲೆ. ಇನ್ನು ಮುಖ ಕೊರೆದು ಒಳಗೆ ದೀಪವಿಟ್ಟ ಕುಂಬಳಕಾಯಿಯನ್ನು ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಇಡು.

ನಾನು ಈಗ ನನ್ನ ಜಗಲಿಯಲ್ಲೇ ಕೂತು ಬಾವಲಿ ಕತ್ತರಿಸುತ್ತ ಇದನ್ನು ಬರೆಯುತ್ತಿದ್ದೇನೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಾರೆ. ಎದುರು ಮನೆಯವಳು ಅಂಗಡಿಯಿಂದ ಪ್ಲಾಸ್ಟಿಕ್ ಅಸ್ಥಿಪಂಜರ ತಂದಿದ್ದಾಳೆ. ಪಾಪ, ಕೈಯಲ್ಲಿ ಕಲೆ ಇಲ್ಲದವರು ಇನ್ನೇನು ಮಾಡುತ್ತಾರೆ.

ಅದಿರಲಿ, ಅರವತ್ತೊಂದು ವರ್ಷದ ಹೆಂಗಸು ಬಾವಲಿ ಮಾಡಲು ಆ ಬೆನಿಗ್ನಸ್ ಹತ್ತಿರ ಒಪ್ಪಿಗೆ ಕೇಳಬೇಕೆ? ಅವಳು ನಿನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾಳೆಯೇ? ನಿಜ ಹೇಳು.

ಊಟದ ಗಂಟೆ ಹೊಡೆಯಿತು. ಹೊರಡುತ್ತೇನೆ.

ಡೆಲಿಯಾ


ಬ್ಯಾಲಿನ್‌ಡರ್ಗ್
29 ಸೆಪ್ಟೆಂಬರ್ 1986

ಪ್ರೀತಿಯ ಅಕ್ಕ,

ಕೆಲಸ ಶುರುವಾಗಿದೆ. ನೀನು ಹೇಳಿದಂತೆಯೇ ಎಲ್ಲವೂ ಆಗಿದೆ ಎನ್ನಲಾರೆ.

ಈ ಕೌಂಟಿಯಲ್ಲಿ ಒಂದು ಕುಂಬಳಕಾಯಿಯೂ ಸಿಗುವುದಿಲ್ಲ. ಟರ್ನಿಪ್ ಗೆಡ್ಡೆಯೇ ಗತಿ. ಮಲಾಕಿ ಬ್ರೆಡ್ಡಿನ ಚಾಕುವಿನಲ್ಲಿ ಒಂದನ್ನು ಕೊರೆಯಲು ಹೋಗಿ, ಚಾಕು ಒಳಗೇ ಮುರಿಯಿತು. ಈಗ ಬಡಗಿಯ ಹತ್ತಿರ ಉಳಿ ತಂದು ಕೊರೆಯುತ್ತಿದ್ದಾರೆ. ಕೊರೆದ ತಿರುಳನ್ನು ಎಸೆಯಲು ಮನಸ್ಸು ಬಾರದೆ ದಿನವೂ ಅದನ್ನೇ ಬೇಯಿಸಿ ಬಡಿಸುತ್ತಾರೆ. ಮದರ್ ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಈಗೀಗ ತುಂಬ ಉದ್ದ ಮಾಡುತ್ತಿದ್ದಾರೆ.

ಮೊಟ್ಟೆಯ ಪೆಟ್ಟಿಗೆ ನಮ್ಮಲ್ಲಿ ಎಲ್ಲಿ ಬರಬೇಕು? ನಮ್ಮದು ಮನೆಯ ಕೋಳಿ, ಮೊಟ್ಟೆ ಬಟ್ಟಲಿಗೇ ಬೀಳುತ್ತದೆ. ಹಾಗಾಗಿ ನಾನು ಶ್ರೀಮತಿ ಗೆರಾಟಿಯ ಅಂಗಡಿಗೆ ಹೋಗಿ ಕೇಳಿದೆ. ಅವಳು ನನ್ನ ಕೈಯಲ್ಲಿ ಓದು ಕಲಿತವಳು.

“ಯಾಕೆ ಸಿಸ್ಟರ್ ಇಷ್ಟೊಂದು ಪೆಟ್ಟಿಗೆ?”

“ಮಕ್ಕಳು ಬರ್ಲಿ ಅಂತ ಅಲಂಕಾರ ಮಾಡ್ತಿದ್ದೀವಿ. ಹೋದ ವರ್ಷ ಯಾರೂ ಬರ್ಲಿಲ್ಲ.”

“ಹ್ಯಾಗೆ ಬರ್ತಾರೆ ಸಿಸ್ಟರ್? ಗೇಟಿಗೆ ಸರಪಳಿ ಹಾಕಿ ಬೀಗ ಜಡಿದಿದ್ದೀರಲ್ಲ.”

ಅಕ್ಕ, ನಿಜ! ಶಾಲೆ ಮುಚ್ಚಿದ ದಿನ ಹಾಕಿದ ಬೀಗ. ನಾವು ಓಡಾಡುವುದು ಹಿಂದಿನ ಓಣಿಯಿಂದ. ನಾಲ್ಕು ಜನ ಬಾಗಿಲು ತೆರೆದು, ಸೇಬು ಹಿಡಿದು ಕಾದಿದ್ದೇವೆ, ಗೇಟಿಗೆ ಬೀಗ ಇದೆ ಎಂದು ಒಬ್ಬರಿಗೂ ಹೊಳೆದಿಲ್ಲ. ಬೀಗದ ಕೈ ಎಲ್ಲಿದೆ ಎಂದು ಮದರ್ ಅವರನ್ನು ಕೇಳಿದರೆ, “ಅದನ್ನ ಸಿಸ್ಟರ್ ಇಗ್ನೇಷಿಯಸ್ ಹತ್ರ ಕೊಟ್ಟಿದ್ದೆ” ಎಂದರು. ಇಗ್ನೇಷಿಯಸ್ ತೀರಿಕೊಂಡು ನಾಲ್ಕು ವರ್ಷವಾಯಿತು. ಗ್ಯಾರೇಜಿನವರು ಬಂದು ಸರಪಳಿ ಕತ್ತರಿಸಿಕೊಟ್ಟರು.

ಇನ್ನು ದೆವ್ವದ ವಿಷಯ. ಬಾಟಲಿಯ ಮೇಲೆ ಮಾಡಿದರೆ ತೀರ ಚಿಕ್ಕದಾಗುತ್ತದೆ, ರಸ್ತೆಯಿಂದ ಕಾಣುವುದಿಲ್ಲ ಎಂದು ಕೊಲಂಬಾ ಹೇಳಿದರು. ಆಳೆತ್ತರದ್ದು ಏನಿದೆ ಎಂದು ಯೋಚಿಸಿದೆವು. ಹಜಾರದಲ್ಲಿ ಸಂತ ಜೋಸೆಫರ ಪ್ರತಿಮೆ ಇದೆ. ಮಲಾಕಿ ಗಂಜಿಯನ್ನು ಅಂಟಿನ ಹಾಗೆ ಕುದಿಸಿದ್ದರು. ಬೆಡ್‌ಶೀಟು ಅದ್ದಿ ಅವರಿಗೆ ಹೊದಿಸಿದೆವು. ಬಹಳ ಚೆನ್ನಾಗಿ ಒಣಗಿತು. ಈಗ ಬಿಡುತ್ತಿಲ್ಲ. ಮದರ್ ಅವರ ಕನ್ನಡಕ ರಿಪೇರಿಗೆ ಹೋಗಿರುವುದರಿಂದ ಅವರು ಇನ್ನೂ ಗಮನಿಸಿಲ್ಲ. ದಿನವೂ ಬೆಳಿಗ್ಗೆ ದೆವ್ವಕ್ಕೆ ತಲೆಬಾಗಿ ನಮಸ್ಕರಿಸಿ ಮುಂದೆ ಹೋಗುತ್ತಾರೆ. ಕನ್ನಡಕ ಇನ್ನೆರಡು ವಾರದಲ್ಲಿ ಬರುತ್ತದೆ. ಬೇಗ ಉತ್ತರ ಬರೆ.

ಮದರ್ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿಲ್ಲ. ಡಬ್ಲಿನ್ನಿನಿಂದ ಮೇಲಿನವರೊಬ್ಬರು ಹ್ಯಾಲೊವೀನ್ ದಿನವೇ ಬರುವವರಿದ್ದಾರೆ, ಅದಕ್ಕೆ ಸ್ವಲ್ಪ ಬಿಗಿಯಾಗಿದ್ದಾರೆ, ಅಷ್ಟೆ.

ನೋನಿ


ಸ್ಪ್ರಿಂಗ್‌ಫೀಲ್ಡ್
8 ಅಕ್ಟೋಬರ್ 1986

ನೋನಿ,

ಬಿಸಿನೀರಲ್ಲಿ ಅದ್ದಿದ ಟವೆಲ್! ಮೇಲಿಂದ ಕೆಳಗೆ ಸುತ್ತಿ, ನೆನೆಯಲು ಬಿಟ್ಟು, ನಿಧಾನವಾಗಿ ಬಿಡಿಸು. ಮೂಗಿನ ಹತ್ತಿರ ಎಳೆಯಬೇಡ. ಮೂಗು ಯಾವಾಗಲೂ ಮೊದಲು ಹೋಗುತ್ತದೆ.

ಡಬ್ಲಿನ್ನಿನಿಂದ ಮೇಲಿನವರು ಯಾಕೆ ಬರುತ್ತಾರೆ ಎಂದು ನನಗೆ ಗೊತ್ತಾಗದೆ ಇರುತ್ತದೆಯೆ? ನಿನ್ನನ್ನು ವಿಚಾರಿಸಲು. ಬೆನಿಗ್ನಸ್ ದೂರು ಕೊಟ್ಟಿದ್ದಾಳೆ. ನೀನು ಚಿಕ್ಕಂದಿನಿಂದಲೂ ಹೀಗೇ, ಯಾರಾದರೂ ಕಾಲು ತುಳಿದರೆ ನೀನೇ ಕ್ಷಮೆ ಕೇಳುವವಳು. ಅದಕ್ಕೆ ನಾನೇ ಅವಳಿಗೆ ನೇರವಾಗಿ ಎರಡು ಪುಟ ಬರೆದು ಇದೇ ಅಂಚೆಗೆ ಹಾಕಿದ್ದೇನೆ. ಏನೇನು ಬರೆದೆ ಎಂದು ಕೇಳಬೇಡ. ಮರ್ಯಾದೆಯಿಂದಲೇ ಶುರು ಮಾಡಿದ್ದೆ.

ಇನ್ನೊಂದು ಉಪಾಯ ಹೇಳುತ್ತೇನೆ. ಹಳೆಯ ಕಪ್ಪು ನಿಲುವಂಗಿಯೊಳಗೆ ಹಳೇ ಪೇಪರು ತುರುಕಿ ಬೊಂಬೆ ಮಾಡಿ, ಬಾಗಿಲ ಪಕ್ಕ ಕುರ್ಚಿಯಲ್ಲಿ ಕೂರಿಸು. ಕೈಗವಸಿಗೆ ಹುಲ್ಲು ತುಂಬಿದರೆ ಕೈ. ನನ್ನ ಜಗಲಿಯ ಬೊಂಬೆ ನೋಡಿ ಈ ವರ್ಷ ಅಂಚೆಯವನೇ ಹೌಹಾರಿದ.

ನಿಲ್ಲಿಸುತ್ತೇನೆ. ನನ್ನನ್ನು ನಡೆಸಲು ಆ ಹುಡುಗಿ ಬಂದಿದ್ದಾಳೆ.

ಡೆಲಿಯಾ


ಬ್ಯಾಲಿನ್‌ಡರ್ಗ್
16 ಅಕ್ಟೋಬರ್ 1986

ಡೆಲಿಯಾ,

ನಿನ್ನ ಪತ್ರ ಮದರ್ ಕೈ ಸೇರಿತು. ಬೆಳಗಿನ ತಿಂಡಿಯ ಹೊತ್ತಿಗೆ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು, ಎರಡೂ ಪುಟ. “ಹುಳಿ ಮಜ್ಜಿಗೆಯ ಮುಖದವಳು” ಎಂಬಲ್ಲಿಗೆ ಬಂದಾಗ ನಿಲ್ಲಿಸಿ, ಕನ್ನಡಕ ಒರೆಸಿಕೊಂಡು, ಮತ್ತೊಮ್ಮೆ ಓದಿದರು. ನಾನು ಮೇಜಿನ ಕೆಳಗೆ ಹೋಗುವುದೊಂದು ಬಾಕಿ. ಕೊನೆಗೆ ಪತ್ರ ಮಡಿಸಿ, “ನಿಮ್ಮಕ್ಕನ ಅಕ್ಷರ ಬಹಳ ಚೆನ್ನಾಗಿದೆ. ನಮ್ಮಮ್ಮ ಹೋದ ಮೇಲೆ ನನ್ನನ್ನ ಹೀಗೆ ಬೈದೋರು ಯಾರೂ ಇರ್ಲಿಲ್ಲ” ಎಂದರು. ಆಮೇಲೆ ಟರ್ನಿಪ್ಪನ್ನು ಎರಡನೇ ಸಲ ಹಾಕಿಸಿಕೊಂಡರು.

ನೀನು ತಿಳಿದದ್ದೆಲ್ಲ ತಪ್ಪು ಅಕ್ಕ. ತಪ್ಪು ನನ್ನದೂ ಹೌದು, ನಾನು ಪೂರ್ತಿ ಹೇಳಿರಲಿಲ್ಲ. ಡಬ್ಲಿನ್ನಿನಿಂದ ಬರುವವರು ನಮ್ಮ ಸಂಸ್ಥೆಯ ಮುಖ್ಯಸ್ಥೆ ಮದರ್ ಗೊಂಜಾಗಾ. ಬರುತ್ತಿರುವುದು ಮನೆ ಮುಚ್ಚಲು. ಮಾಡು ಸೋರುತ್ತಿದೆ, ರಿಪೇರಿಗೆ ದಾರಿಯಿಲ್ಲ. ಕೊಲಂಬಾರನ್ನು ಕಾರ್ಕ್‌ನ ವೃದ್ಧಾಶ್ರಮಕ್ಕೆ, ಮಲಾಕಿಯನ್ನು ಡಬ್ಲಿನ್ನಿಗೆ, ಮದರ್ ಅವರನ್ನು ಗಾಲ್ವೇಗೆ, ನನ್ನನ್ನು ಎಲ್ಲಿಗೋ. “ಊರಿಗೆ ನಿಮ್ಮ ಅಗತ್ಯ ಇದ್ದ ಹಾಗೆ ಕಾಣುವುದಿಲ್ಲ” ಎಂದು ಬರೆದಿದ್ದಾರೆ. ಅದು ಸುಳ್ಳೂ ಅಲ್ಲ. ಇಲ್ಲಿ ಇದು ನಮ್ಮ ಕೊನೆಯ ಹ್ಯಾಲೊವೀನ್. ಒಂದು ಸಲವಾದರೂ ಮಕ್ಕಳು ಬಾಗಿಲಿಗೆ ಬರಲಿ ಎಂಬುದು ನನ್ನ ಆಸೆಯಾಗಿತ್ತು.

ಸಂತ ಜೋಸೆಫರು ಬಿಡುಗಡೆಯಾದರು. ಮೂಗಿನ ತುದಿ ಹೋಯಿತು. ಮದರ್ ರಿಪೇರಿಯಾಗಿ ಬಂದ ಕನ್ನಡಕದಲ್ಲಿ ಬಹಳ ಹೊತ್ತು ನೋಡಿ, “ಈಗ ಇನ್ನೂ ವಿನಯವಾಗಿ ಕಾಣ್ತಾರೆ” ಎಂದರು. ದೆವ್ವ ಮಾತ್ರ ಆಳೆತ್ತರಕ್ಕೆ ಸೆಟೆದು ನಿಂತಿದೆ.

ಈಗ ನೀನು ಹೇಳು. ನಿನ್ನೊಬ್ಬಳ ಮನೆಯಲ್ಲಿ ಊಟಕ್ಕೆ ಗಂಟೆ ಹೊಡೆಯುವವರು ಯಾರು? ನಮ್ಮದು ಕಾನ್ವೆಂಟು, ನಮಗೆ ಗಂಟೆ ಇದೆ. ನಿನ್ನನ್ನು ನಡೆಸಲು ಹುಡುಗಿ ಯಾಕೆ ಬರುತ್ತಾಳೆ? ನೀನೇನು ನಾಯಿಮರಿಯೆ? ಎಲ್ಲಿದ್ದೀಯ ಅಕ್ಕ?

ನೋನಿ


ಸ್ಪ್ರಿಂಗ್‌ಫೀಲ್ಡ್
22 ಅಕ್ಟೋಬರ್ 1986

ನೋನಿ,

ಜಗಲಿಯಲ್ಲಿಲ್ಲ.

ಆಗಸ್ಟಿನಲ್ಲಿ ಬಿದ್ದೆ. ಈ ವರ್ಷ ಎಲ್ಲರಿಗಿಂತ ಮೊದಲೇ ಬಾವಲಿ ಕಟ್ಟಿ ಎದುರು ಮನೆಯವಳ ಬಾಯಿ ಮುಚ್ಚಿಸಬೇಕೆಂದು ಏಣಿ ಹತ್ತಿದ್ದೆ. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಇಲ್ಲಿಗೆ ತಂದು ಹಾಕಿದ್ದಾರೆ, ಮತ್ತೆ ನಡೆಯಲು ಕಲಿಸುವ ಒಂದು ಶುಶ್ರೂಷಾ ಮನೆಗೆ. ಪಕ್ಕದ ಮನೆಯವರು ನಿನ್ನ ಪತ್ರ ತಂದುಕೊಡುತ್ತಾರೆ. ಕಿಟಕಿಯಿಂದ ಕಾಣುವುದು ಕಾರು ನಿಲ್ಲಿಸುವ ಜಾಗ. ನೀನು ಜಗಲಿಯ ಅಲಂಕಾರದ ಬಗ್ಗೆ ಕೇಳಿದೆ. ಬರೆಯುತ್ತ ಹೋದಂತೆ ಅಲ್ಲೇ ಕೂತಿದ್ದೇನೆ ಅನ್ನಿಸಿತು. ಅದನ್ನು ಬಿಡಲು ಮನಸ್ಸಾಗಲಿಲ್ಲ.

ನೀನು ಮಾತ್ರ ಏನು ಕಡಿಮೆಯೆ? ಮನೆ ಮುಚ್ಚುತ್ತಾರೆ ಎಂಬುದನ್ನು ನುಂಗಿಕೊಂಡು ನನಗೆ ಕಡಲೆಕಾಯಿ ಕಥೆ ಹೇಳಿದೆ. ಏನನ್ನೂ ಬಾಯಿಬಿಡದ ಅಪ್ಪನ ಮಕ್ಕಳೇ ನಾವು.

ಆದರೆ ಕೇಳು. ನನ್ನ ಕೋಣೆಯಲ್ಲಿರುವ ಮಿಸೆಸ್ ಕೋವಾಲ್‌ಚಿಕ್ ಪೋಲೆಂಡಿನವಳು, ಬಾಯಿ ಜೋರು. ಅವಳಿಗೆ ನಿನ್ನ ಪತ್ರ ಓದಿ ಹೇಳಿದೆ. ಅವಳು ಊಟದ ಮನೆಯಲ್ಲೆಲ್ಲ ಹೇಳಿದಳು. ಈಗ ಅಂಚೆ ಬಂದರೆ ಮೂವತ್ತು ಜನ ಚಮಚ ಕೆಳಗಿಟ್ಟು ಕಾಯುತ್ತಾರೆ. ಸಂತ ಜೋಸೆಫರ ಮೂಗು ಉಳಿಯುತ್ತದೆಯೋ ಇಲ್ಲವೋ ಎಂದು ಪುಡಿಂಗ್ ಪಣವಿಟ್ಟಿದ್ದರು. ನಾನು ಸೋತೆ.

ಇಲ್ಲಿ ಗೋಡೆಗೆ ಏನೂ ಅಂಟಿಸಬಾರದೆಂದು ನಿಯಮ. “ಗೋಡೆಗೆ ತಾನೇ ಬೇಡ ಅಂದಿದ್ದು? ನಾವು ಹಿಡ್ಕೊಂಡು ನಡೆಯೋ ವಾಕರ್‌ಗಲ್ವಲ್ಲ!” ಎಂದಳು ಕೋವಾಲ್‌ಚಿಕ್. ಅಡುಗೆಯವರಿಂದ ಮೊಟ್ಟೆ ಪೆಟ್ಟಿಗೆ ತರಿಸಿಕೊಂಡು ಬಾವಲಿ ಮಾಡಿ ಎಲ್ಲರ ವಾಕರ್‌ಗೂ ಕಟ್ಟಿದ್ದೇವೆ. ಊಟಕ್ಕೆ ಹೊರಟರೆ ಬಾವಲಿಗಳ ಮೆರವಣಿಗೆ.

ನಿಮ್ಮ ಬಾಗಿಲಿಗೆ ಮಕ್ಕಳು ಬರುತ್ತಾರೆ ನೋನಿ. ಬರದಿದ್ದರೆ ಮೂವತ್ತು ಜನಕ್ಕೆ ನೀನೇ ಉತ್ತರ ಹೇಳಬೇಕು.

ಡೆಲಿಯಾ


ಬ್ಯಾಲಿನ್‌ಡರ್ಗ್
2 ನವೆಂಬರ್ 1986

ಪ್ರೀತಿಯ ಅಕ್ಕ ಮತ್ತು ಊಟದ ಮನೆಯ ಎಲ್ಲರಿಗೂ,

ಗಟ್ಟಿಯಾಗಿ ಓದು.

ಹ್ಯಾಲೊವೀನ್ ಸಂಜೆ ಗೇಟಿನಿಂದ ಬಾಗಿಲವರೆಗೆ ದಾರಿಯ ಎರಡೂ ಬದಿ ಟರ್ನಿಪ್ ದೀಪ ಇಟ್ಟೆವು. ಮಲಾಕಿಯ ಉಳಿಯಲ್ಲಿ ಒಂದೊಂದು ಮುಖವೂ ಹಲ್ಲುನೋವು ಬಂದವರ ಹಾಗೆ ಮೂಡಿತ್ತು. ಮರಗಳಿಗೆ ಬಾವಲಿ, ಕಿಟಕಿಗೆ ಕಸದ ಚೀಲದ ಬಲೆ, ಮೆಟ್ಟಿಲ ಮೇಲೆ ಗಂಜಿಯ ದೆವ್ವ. ಬಾಗಿಲ ಪಕ್ಕ ಕುರ್ಚಿಯಲ್ಲಿ ಪೇಪರು ತುರುಕಿದ ನನ್ನ ಹಳೆಯ ನಿಲುವಂಗಿ. ಅದರ ಪಕ್ಕದ ಕುರ್ಚಿಯಲ್ಲಿ ಕೊಲಂಬಾ, ಸೇಬಿನ ಬುಟ್ಟಿ ಹಿಡಿದುಕೊಂಡು. ಕೂತ ಐದೇ ನಿಮಿಷಕ್ಕೆ ಅವರಿಗೆ ನಿದ್ದೆ ಹತ್ತಿತು.

ಮಕ್ಕಳು ಬಂದವು. ಗೇಟಿನವರೆಗೆ! ಗೇಟು ತೆರೆದಿದ್ದರೂ ಒಂದೂ ಒಳಗೆ ಕಾಲಿಡದು. ನಾವು ಮೂವರು ಬಾಗಿಲ ಸಂದಿಯಿಂದ ನೋಡುತ್ತಿದ್ದೆವು. “ಅತಿಯಾಯ್ತೇನೋ ಡಿಂಪ್ನಾ” ಎಂದು ಮದರ್ ಪಿಸುಗುಟ್ಟಿದರು. ಕರೆಯಲೆಂದು ನಾವು ಮಾಡಿದ್ದೆಲ್ಲ ಅವರನ್ನು ಹೆದರಿಸಿ ನಿಲ್ಲಿಸಿತ್ತು.

ಅಷ್ಟರಲ್ಲಿ ಮಾಟಗಾತಿಯ ಟೋಪಿ ಹಾಕಿದ ಒಬ್ಬಳು ಹುಡುಗಿ ಗುಂಪಿನಿಂದ ಹೊರಬಂದಳು. ಅಂಚೆ ಕಚೇರಿಯಿಂದ ಓಡಿದ್ದವಳು ಇವಳೇ ಎಂದು ಮಲಾಕಿ ನನ್ನ ಪಕ್ಕೆ ತಿವಿದರು. ಹೆಸರು ಗ್ರಾನ್ಯಾ. ಹಿಂದಿನಿಂದ ಉಳಿದವರು, “ಮುಟ್ಟಿ ಬಾರೇ, ಧೈರ್ಯ ಇದ್ರೆ ಬೊಂಬೆ ಮುಟ್ಟಿ ಬಾ!” ಎಂದು ಕೂಗುತ್ತಿದ್ದರು. ಅವಳು ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಎರಡು ಬೊಂಬೆಗಳನ್ನೂ ನೋಡಿದಳು. ಇದ್ದುದರಲ್ಲಿ ಹೆಚ್ಚು ಚೆನ್ನಾಗಿ ಮಾಡಿದ್ದು ಯಾವುದು ಎಂದು ತೂಗಿ, ಕೊಲಂಬಾರ ಕೆನ್ನೆ ಹಿಂಡಿದಳು.

“ರಬ್ಬರು ಕಣ್ರೋ!” ಎಂದು ಗೇಟಿನ ಕಡೆ ಕೂಗಿದಳು.

ಕೊಲಂಬಾ ಕಣ್ಣು ತೆರೆದರು. “ರಬ್ಬರಲ್ಲ ಕಣೇ, ಎಂಬತ್ತೆಂಟು ವರ್ಷದ ಚರ್ಮ. ಒಂದು ಹಾಡು ಹೇಳು, ಸೇಬು ಕೊಡ್ತೀನಿ.”

ಆ ಕಿರುಚಾಟ ನಿನಗೂ ಕೇಳಿಸಿರಬೇಕು. ಗೇಟಿನಲ್ಲಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಆದರೆ ಗ್ರಾನ್ಯಾ ಓಡಲಿಲ್ಲ, ಕೆನ್ನೆ ಹಿಂಡಿದ ಬೆರಳು ಗಾಳಿಯಲ್ಲೇ ಇತ್ತು. ಕೊಲಂಬಾ ಅವಳ ಮುಖ ನೋಡಿ ನಗಲು ಶುರು ಮಾಡಿದರು. ಹಲ್ಲಿಲ್ಲದ ಬಾಯಲ್ಲಿ ಆ ನಗು ನೋಡಿ ಹುಡುಗಿಗೂ ನಗು ಬಂತು. “ಇವ್ರು ಜೀವ ಇರೋರು ಕಣ್ರೋ! ಬನ್ರೋ, ಇವ್ರು ಮಜಾ ಇದ್ದಾರೆ!” ಎಂದು ಕೂಗಿದಳು.

ಬಂದರು ಅಕ್ಕ. ದಾರಿ ತುಂಬ ಮಕ್ಕಳು. ಒಬ್ಬೊಬ್ಬರೇ ಬಂದು ಕೊಲಂಬಾರ ಕೆನ್ನೆ ಮುಟ್ಟಿ, ಹಾಡು ಹೇಳಿ, ಸೇಬು ತೆಗೆದುಕೊಂಡು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುವರು. ಮದರ್ ಕಡಲೆಕಾಯಿ ಹಂಚುತ್ತ, “ಮೇಡಂ, ನಿಮ್ ವೇಷ ಸೂಪರ್” ಎಂದ ಕಡಲ್ಗಳ್ಳನ ವೇಷದ ಒಬ್ಬ ಹುಡುಗನಿಗೆ ಎರಡು ಹಿಡಿ ಹೆಚ್ಚಿಗೆ ಕೊಟ್ಟರು.

ಈ ಗಲಾಟೆಯಲ್ಲಿ ಒಂದು ಕಾರು ಬಂದು ನಿಂತದ್ದು ನಮಗೆ ತಿಳಿಯಲೇ ಇಲ್ಲ. ಮದರ್ ಗೊಂಜಾಗಾ ಇಳಿದು, ಏನಾಗುತ್ತಿದೆ ಎಂದು ಗೊತ್ತಾಗದೆ ಸಾಲಿನಲ್ಲಿ ಸಿಕ್ಕಿಕೊಂಡು, ಕೊಲಂಬಾರ ಮುಂದೆ ಬಂದು ನಿಂತರು. ಅವರು ಈಗಿನ ಕಾಲದವರು, ಮೊಣಕಾಲವರೆಗಿನ ಬೂದು ಸ್ಕರ್ಟು, ತಲೆಗೆ ಚಿಕ್ಕ ಮುಸುಕು. ಕೊಲಂಬಾ ಅವರನ್ನು ಮೇಲಿಂದ ಕೆಳಗೆ ನೋಡಿದರು.

“ಸಿಸ್ಟರ್ ವೇಷ ಪರವಾಗಿಲ್ಲಮ್ಮ. ಆದ್ರೆ ನಮ್ಮಲ್ಲಿ ಯಾರೂ ಹೀಗೆ ಮೊಣಕಾಲು ತೋರ್ಸಲ್ಲ. ಹ್ಞಾಂ, ಹಾಡು.”

“ಸಿಸ್ಟರ್, ನಾನು...”

“ಹಾಡು ಹೇಳ್ದೆ ಸೇಬಿಲ್ಲ.”

“ಹಾಡಿ ಮಿಸ್!” ಎಂದು ಹಿಂದಿನಿಂದ ಮಕ್ಕಳು. “ಸಾಲು ನಿಲ್ಲಿಸ್ಬೇಡಿ!”

ನಾನು ಓಡಿಹೋಗಿ ತಡೆಯಬೇಕೆಂದಿದ್ದೆ. ಮದರ್ ಬೆನಿಗ್ನಸ್ ನನ್ನ ತೋಳು ಹಿಡಿದರು. ಗೊಂಜಾಗಾ ಒಮ್ಮೆ ಸುತ್ತ ನೋಡಿದರು. ಗಂಟಲು ಸರಿಮಾಡಿಕೊಂಡು, ಹಸು ಕರೆಯುವಾಗ ಹಾಡುವ ಒಂದು ಐರಿಷ್ ಹಾಡನ್ನು ಹಾಡಿದರು. ಎರಡನೇ ಸಾಲಿಗೆ ಧ್ವನಿ ಬಂತು. ಬಹಳ ಇಂಪಾದ ಧ್ವನಿ. ಮಕ್ಕಳು ಚಪ್ಪಾಳೆ ತಟ್ಟಿದವು. ಕೊಲಂಬಾ ಒಂದು ಸೇಬು ಕೊಟ್ಟು, “ಮುಂದಿನ್ ವರ್ಷಾನೂ ಬಾ” ಎಂದರು.

ಆ ಹೊತ್ತಿಗೆ ಮಕ್ಕಳನ್ನು ಹುಡುಕಿಕೊಂಡು ಅಪ್ಪ ಅಮ್ಮಂದಿರೂ ಬಂದಿದ್ದರು. ಅರ್ಧದಷ್ಟು ಜನ ನಮ್ಮ ಶಾಲೆಯಲ್ಲೇ ಓದಿದವರು. ಮನೆ ಮುಚ್ಚುವ ಸುದ್ದಿಯನ್ನು ಕೊಲಂಬಾ ಸೇಬಿನ ಜೊತೆ ಎಲ್ಲರಿಗೂ ಹಂಚಿಬಿಟ್ಟಿದ್ದರು. ಶ್ರೀಮತಿ ಗೆರಾಟಿ ನೇರ ಗೊಂಜಾಗಾರ ಮುಂದೆ ಹೋಗಿ ನಿಂತಳು.

“ಇವ್ರನ್ನ ಕರ್ಕೊಂಡು ಹೋಗೋರು ನೀವೇನಾ?”

“ಊರಿಗೂ ಇವರಿಗೂ ಸಂಬಂಧ ಉಳಿದಿಲ್ಲ ಅಂತ ನಾನು ತಿಳ್ಕೊಂಡಿದ್ದೆ.”

“ಆರು ವರ್ಷ ಇವ್ರು ಗೇಟು ಹಾಕ್ಕೊಂಡಿದ್ರು ಮದರ್. ನಮಗೆ ಇವ್ರು ಬೇಡ್ವೇನೋ ಅಂತ ಇವ್ರು, ಇವ್ರಿಗೆ ನಾವು ಬೇಡ್ವೇನೋ ಅಂತ ನಾವು. ಗೇಟು ತೆಗ್ದು ಇನ್ನೂ ಒಂದ್ ತಿಂಗಳಾಗಿದೆ ಅಷ್ಟೆ. ನಾವಿನ್ನೂ ಸರಿಯಾಗಿ ಮಾತೇ ಆಡಿಲ್ಲ.”

ಗೊಂಜಾಗಾ ತೆರೆದ ಗೇಟಿನ ಕಡೆ ತಿರುಗಿ ನೋಡಿದರು. ಕೈಯಲ್ಲಿ ಸೇಬು ಹಿಡಿದುಕೊಂಡೇ ಇದ್ದರು.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಹೇಳಿದರು. ಈ ಮನೆ ಮುಚ್ಚಲೇಬೇಕು, ಮಾಡು ಕೇಳುವುದಿಲ್ಲ. ಆದರೆ ಊರಲ್ಲೇ ಒಂದು ಚಿಕ್ಕ ಮನೆ ಸಿಕ್ಕರೆ ನಾಲ್ವರೂ ಒಟ್ಟಿಗೆ ಇರಬಹುದು. ಮಲಾಕಿ ಅಳುತ್ತ ಅವರಿಗೆ ಟರ್ನಿಪ್ ಬಡಿಸಿದರು. ಗೊಂಜಾಗಾ ಒಂದು ತುತ್ತು ತಿಂದು ನನ್ನ ಕಡೆ ತಿರುಗಿ, “ಇದು ಎಷ್ಟು ದಿನದಿಂದ ನಡೀತಿದೆ?” ಎಂದು ಕೇಳಿದರು.

ನೋನಿ


ಸ್ಪ್ರಿಂಗ್‌ಫೀಲ್ಡ್
12 ನವೆಂಬರ್ 1986

ನೋನಿ,

ಓದಿದೆ. “ರಬ್ಬರಲ್ಲ ಕಣೇ” ಎಂಬಲ್ಲಿ ಊಟದ ಮನೆಯಲ್ಲಿ ಎದ್ದ ಗದ್ದಲಕ್ಕೆ, ಯಾರಿಗೋ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದು ಇಬ್ಬರು ನರ್ಸ್‌ಗಳು ಓಡಿಬಂದರು. ಗೆರಾಟಿಯ ಮಾತು ಬಂದಾಗ ನಾನು ಕರವಸ್ತ್ರ ಹುಡುಕತೊಡಗಿದೆ. ಕೋವಾಲ್‌ಚಿಕ್ ಕಾಗದ ಕಿತ್ತುಕೊಂಡು ಉಳಿದದ್ದನ್ನು ತಾನೇ ಓದಿದಳು. ಅವಳ ಬಾಯಲ್ಲಿ ಎಲ್ಲ ನನ್‌ಗಳೂ ಪೋಲೆಂಡಿನವರಾದರು.

ಬೆನಿಗ್ನಸ್‌ಗೆ ಕ್ಷಮೆ ಕೇಳಿ ಬೇರೆ ಪತ್ರ ಹಾಕಿದ್ದೇನೆ. ಮಜ್ಜಿಗೆ ಪದ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಹುಳಿ ಎಂಬುದನ್ನು ಅವರೇ ತೀರ್ಮಾನಿಸಲಿ.

ನಿನ್ನೆ ಕೋಲು ಹಿಡಿದು ಕಾರಿಡಾರಿನ ಕೊನೆಯವರೆಗೆ ಒಬ್ಬಳೇ ನಡೆದೆ. ಕ್ರಿಸ್‌ಮಸ್ ಹೊತ್ತಿಗೆ ಮನೆಗೆ ಹೋಗಬಹುದಂತೆ. ಇದು ನಿಜ. ಬೇಕಾದರೆ ಕೋವಾಲ್‌ಚಿಕ್ ಕೈಯಲ್ಲಿ ಸಹಿ ಹಾಕಿಸಿ ಕಳಿಸುತ್ತೇನೆ.

ಡೆಲಿಯಾ


ಮುಖ್ಯ ಬೀದಿ, ಬ್ಯಾಲಿನ್‌ಡರ್ಗ್
9 ಮಾರ್ಚ್ 1987

ಪ್ರೀತಿಯ ಅಕ್ಕ,

ಹೊಸ ವಿಳಾಸ ಗಮನಿಸು. ಶನಿವಾರ ಮನೆ ಬದಲಾಯಿಸಿದೆವು. ಗೆರಾಟಿಯ ಅಂಗಡಿಯಿಂದ ಎರಡನೇ ಮನೆ. ಬಾಗಿಲು ತೆರೆದರೆ ಕಾಲು ನೇರ ಬೀದಿಯ ಮೇಲೆಯೇ ಬೀಳುತ್ತದೆ. ಊರಿನವರು ಟ್ರ್ಯಾಕ್ಟರು ತಂದು ಸಾಮಾನು ಸಾಗಿಸಿದರು. ಸಂತ ಜೋಸೆಫರು ಮೆಟ್ಟಿಲ ಕೆಳಗೆ ಓರೆಯಾಗಿ ಒರಗಿ ನಿಂತಿದ್ದಾರೆ, ಚಾವಣಿ ತಗ್ಗು. ಇಲ್ಲಿ ಒಬ್ಬರು ಸೀನಿದರೆ ಉಳಿದ ಮೂವರಿಗೂ ಕೇಳುತ್ತದೆ. ಇಷ್ಟು ವರ್ಷ ಮಲಾಕಿ ನಿದ್ದೆಯಲ್ಲಿ ಲೆಕ್ಕದ ಮಗ್ಗಿ ಹೇಳುತ್ತಾರೆಂದು ನಮಗೆ ಗೊತ್ತೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಮದರ್ ಹೋಗಿ ತೆರೆದರು. ಗ್ರಾನ್ಯಾ ಮತ್ತು ಅವಳ ಇಬ್ಬರು ಗೆಳತಿಯರು ನಿಂತಿದ್ದರು.

“ಕೊಲಂಬಾ ಇದ್ದಾರಾ?”

“ಹ್ಯಾಲೊವೀನ್ ಮುಗಿದು ನಾಲ್ಕು ತಿಂಗಳಾಯ್ತಲ್ಲಮ್ಮ” ಎಂದರು ಮದರ್.

“ಗೊತ್ತು ಮದರ್. ನಮ್ಮಣ್ಣ ಅವರನ್ನ ನೋಡಿ ಹೆದರಲ್ವಂತೆ. ಅಲ್ಲಿ ಸೇತುವೆ ಹತ್ರ ನಿಂತಿದ್ದಾನೆ. ಒಂದು ಹತ್ತು ನಿಮಿಷ ಕಳಿಸ್ತೀರಾ?”

ಮದರ್ ನನ್ನ ಕಡೆ ತಿರುಗಿದರು. ನಾನು ಕೊಲಂಬಾರ ಕಡೆ ತಿರುಗಿದೆ. ಕುರ್ಚಿ ಖಾಲಿಯಾಗಿತ್ತು. ಅವರು ಆಗಲೇ ಮಂಚದ ಕೆಳಗೆ ಬಗ್ಗಿ ಬೂಟು ಹುಡುಕುತ್ತಿದ್ದರು.

ನಿನ್ನ
ನೋನಿ